ಷಡ್ಡಕನ ಗಾಡಿಯ ತಪಾಸಣೆ

ಮೇ ೩, ಐತವಾರ

ಉಮರಗಾ ಪೇಟೆಯಲ್ಲಿ ನನ್ನ ಕಿರಾಣಿ ಅಂಗಡಿ. ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಇದನ್ನು ಬರೆಯುತ್ತಿದ್ದೇನೆ, ಕನ್ನಡದಲ್ಲಿ. ಶಾಲೆ ನನಗೆ ಮರಾಠಿ ಕಲಿಸಿತು. ಕನ್ನಡ ಅಕ್ಷರ ಕಲಿಸಿದ್ದು ಅಪ್ಪನ ನಾಟಕ ಮಂಡಳಿಯ ಕೈಬರಹದ ಪುಸ್ತಕಗಳು. ಮನೆಯಲ್ಲಿ ಮತ್ತಾರಿಗೂ ಈ ಅಕ್ಷರ ಬಾರದು. ಇದಕ್ಕಿಂತ ಗಟ್ಟಿ ಕೀಲಿ ಯಾವ ತಿಜೋರಿಗಿದೆ?

ಇಂದು ನಿಲಂಗಾದಿಂದ ಅತ್ತೆ ಕುಸುಮಬಾಯಿಯವರ ಫೋನು. ಹದಿನೇಳಕ್ಕೆ ಧೋಂಡ್ಯಾ ತಿಂಗಳು ಹತ್ತುತ್ತದೆ. ಮೂರು ವರ್ಷಕ್ಕೊಮ್ಮೆ ಬರುವ ಅಧಿಕ ಮಾಸ. ಅಳಿಯಂದಿರನ್ನು ಕರೆದು, ಮಣೆ ಹಾಕಿ, ಆರತಿ ಎತ್ತಿ, ಹೂರಣದ ಧೋಂಡೆ ಕಡುಬು ಉಣಿಸಿ, ತಾಟಿನಲ್ಲಿ ಅಕ್ಕಿ-ಬೆಲ್ಲದ ಮೂವತ್ಮೂರು ಅನಾರಸ ಇಟ್ಟು ಕೈಗೆ ಕೊಡುವ ತಿಂಗಳು. ಇಪ್ಪತ್ನಾಲ್ಕನೇ ತಾರೀಖು ಐತವಾರ ಬರಬೇಕಂತೆ.

"ಇಬ್ಬರೂ ಅಳ್ಯಾಂದ್ರು ಕೂಡೇ ಕುಂದರಬೇಕ್ರಿ," ಅಂದರು.

ಇಬ್ಬರೂ. ಆ ಶಬ್ದ ನನ್ನ ಎದೆಯಲ್ಲಿ ನಗಾರಿಯಂತೆ ಬಾರಿಸಿತು. ಒಬ್ಬ ನಾನು, ಹಿರಿಯ ಮಗಳು ಕಸ್ತೂರಬಾಯಿಯ ಗಂಡ ರೇವಣಪ್ಪ. ಇನ್ನೊಬ್ಬ ಕಿರಿಯ ಮಗಳು ಮನೀಷಾಳ ಗಂಡ, ಉದಗೀರಿನ ಅರಿವಿ-ಬಟ್ಟೆ ವ್ಯಾಪಾರಿ ಋಷಿಕೇಶ. ನನ್ನ ಷಡ್ಡಕ. ನನಗಿಂತ ಎಂಟು ವರ್ಷ ಚಿಕ್ಕವ, ನನಗಿಂತ ಒಂದು ಮೊಳ ಮೇಲೆ ಕೂಡುವವ.

ಹಿಂದಿನ ಧೋಂಡ್ಯಾ ತಿಂಗಳು ಮರೆತಿಲ್ಲ. ನನ್ನ ಅಂಗಡಿಯ ಟೆಂಪೋಕ್ಕೆ ಬೆಲ್ಲ, ಉಳ್ಳಾಗಡ್ಡಿ ವಾಸನೆ ಅಂತ ಕಸ್ತೂರಬಾಯಿ ಹತ್ತಲಿಲ್ಲ. ಎಸ್.ಟಿ. ಬಸ್ಸಿಗೆ ಹೋದೆವು. ಸ್ಟ್ಯಾಂಡಿನಿಂದ ಮಳೆಯಲ್ಲಿ ನಡೆದು ಮೊಳಕಾಲತನಕ ಕೆಸರು. ಅತ್ತೆ ನನಗೆ ಕೊಟ್ಟದ್ದು ಕಾಲು ತೊಳೆಯಲು ಒಂದು ಚರಿಗಿ ನೀರು. ಅಷ್ಟರಲ್ಲಿ ಬಂತು ಬಿಳಿ ಕಾರು. ಆರತಿಯ ತಾಟು ಹೊಸ್ತಿಲು ದಾಟಿ, ಅಂಗಳ ದಾಟಿ, ಆ ಕಾರಿನ ಬಾಗಿಲತನಕ ನಡೆದು ಹೋಯಿತು. ನನ್ನ ಮೂವತ್ಮೂರು ಅನಾರಸದಲ್ಲಿ ಒಂದು ಮುರಿದಿತ್ತು. ಅವನದರಲ್ಲಿ ಎಲ್ಲ ಇಡಿಯಾಗಿದ್ದವು. ನೋಡಿದ್ದೇನೆ.

ಅದನ್ನೂ ನುಂಗಿದೆ. ಆದರೆ ಹೋದ ದೀಪಾವಳಿಯ ಹಿಂದಿನ ವಾರ ಉದಗೀರಿನ ಪೇಟೆಯಲ್ಲಿ ನಡೆದದ್ದು ನುಂಗಲಾರೆ. ಅವನು ಎದುರಿಗೆ ಬಂದ. ಅವನ ಎಡ ಭುಜ ನನ್ನ ಭುಜಕ್ಕೆ ತಿಕ್ಕಿತು. "ಋಷಿಕೇಶರಾವ" ಎಂದು ಪಟಾಕಿಯ ಗದ್ದಲದಲ್ಲಿ ಹಲ್ಲು ಕಿರಿದು ನಿಂತೆ. ಅವನು ಕತ್ತು ಹೊರಳಿಸಲಿಲ್ಲ. ಕಂಡೂ ಕಾಣದಂತೆ ಹೋದ. ನೂರು ಮಂದಿ ನೋಡಿದರು. ಎಲ್ಲ ನಾಟಕದಲ್ಲೂ ರಾಜನ ಪಾರ್ಟು ಕಟ್ಟಿದ ಮನುಷ್ಯ ನಾನು, ಒಂದು ಕಂಬದಂತೆ ನಿಂತಿದ್ದೆ.

ಈ ಸಲ ಬಸ್ಸಿಗೆ ಹೋಗುವುದಿಲ್ಲ. ಕಾರು ತೆಗೆದುಕೊಳ್ಳುತ್ತೇನೆ. ಹಳೆಯದಾದರೂ ಸರಿ. ಹದಿನೇಳರೊಳಗೆ. ಧೋಂಡ್ಯಾ ತಿಂಗಳು ಹತ್ತಿದರೆ ಹೊಸ ವಸ್ತು ಮನೆಗೆ ತರಬಾರದು ಎನ್ನುತ್ತಾರೆ.


ಮೇ ೫, ಮಂಗಳವಾರ

ಅಂಗಡಿಗೆ ಬಂದವನೇ ಈ ಪುಸ್ತಕ ತೆಗೆದೆ.

ನಿಲಂಗಾದಲ್ಲಿ ಹಳೆ ಗಾಡಿ ಮಾರಿಸಿಕೊಡುವ ನಾಗಣ್ಣನ ಕಡೆ ಹೋಗಿದ್ದೆ. ಬಯಲಿನಲ್ಲಿ ಹತ್ತು ಹನ್ನೆರಡು ಕಾರು. ಅದು ಬೇವಿನ ಗಿಡದ ಕೆಳಗೆ ನಿಂತಿತ್ತು. ಬಿಳಿ ಬಣ್ಣ, ನಂಬರು ಕೊನೆಗೆ ೭೧೧೭. ನನ್ನ ಮದುವೆಯ ತಾರೀಖು ಮರೆತೇನು, ಈ ನಂಬರು ಮರೆಯುವುದಿಲ್ಲ.

"ಇದು ಯಾರದು, ನಾಗಣ್ಣಾ?"

"ಮಾಲೀಕರು ಹೆಸರ ಹೇಳಬ್ಯಾಡ ಅಂದಾರ್ರಿ. ಗುರತಿನೋರಿಗಿ ಕೊಡಬ್ಯಾಡ, ದೂರದೋರಿಗಿ ಕೊಡು ಅಂದಾರ. ಸಹಿ ಮಾಡಿದ ಖಾಲಿ ಫಾರಂ ನನ್ನ ಕಡೆನೇ ಅವ."

"ಯಾಕ ಮಾರಲಕತ್ತಾರ?"

"ಕೇಳಿಲ್ಲ. ಕೇಳಿದ್ರ ಗಾಡಿ ಬ್ಯಾರೆ ಕಡಿ ಹೋಗ್ತದ್ರಿ."

ನಾನು ಋಷಿಕೇಶನಿಗೆ ದೂರದವನಲ್ಲವೇ? ನನ್ನಷ್ಟು ದೂರದವ ಈ ಜಗತ್ತಿನಲ್ಲಿ ಯಾರಿದ್ದಾರೆ?

ಇಷ್ಟು ದೊಡ್ಡ ದೃಶ್ಯ ನನ್ನ ಅಪ್ಪನೂ ಬರೆದಿರಲಿಲ್ಲ. ಇಪ್ಪತ್ನಾಲ್ಕರಂದು ಋಷಿಕೇಶ ಬಸ್ಸಿಳಿದು ಚೀಲ ಹೊತ್ತು ನಡೆದು ಬರುತ್ತಾನೆ. ಹಿಂದಿನಿಂದ ಹಾರ್ನು. ತಿರುಗುತ್ತಾನೆ. ಅವನದೇ ಕಾರು, ಒಳಗೆ ನಾನು.

ನೂರು ಕಾರು ಇದ್ದರೂ ನನಗೆ ಬೇಕಾದದ್ದು ಇದೊಂದೇ.


ಮೇ ೬, ಬುಧವಾರ

ಫೋನಿನಲ್ಲಿ ಸರಕಾರಿ ಆ್ಯಪ್ ತೆಗೆದು ನಂಬರು ಹಾಕಿದೆ. ಹತ್ತು ವರ್ಷದ ಗಾಡಿ, ಒಬ್ಬನೇ ಮಾಲೀಕ. ವಿಮೆ ಚಾಲೂ. ಹೊಗೆ ತಪಾಸಣೆ ಚಾಲೂ. ದಂಡ ಒಂದೂ ಇಲ್ಲ. ಹತ್ತು ವರ್ಷದಲ್ಲಿ ಒಂದು ಸಿಗ್ನಲ್ ಕೂಡ ಹಾರಿಲ್ಲ. ಇಂಥವನ ಜೊತೆ ಷಡ್ಡಕತನ ಮಾಡುವುದಾದರೂ ಹೇಗೆ?

ಏನೋ ಇರಬೇಕು. ಇಲ್ಲದಿದ್ದರೆ ಗುಟ್ಟಾಗಿ ಯಾಕೆ ಮಾರುತ್ತಾನೆ? ಎಲ್ಲಿಯೋ ಯಾರಿಗೋ ಬಡಿದಿದ್ದಾನೆ. ಕುಡಿದಿದ್ದಾನೆ. ಕಂಡುಹಿಡಿಯುತ್ತೇನೆ. ಗಾಡಿಯನ್ನೂ ತೆಗೆದುಕೊಳ್ಳುತ್ತೇನೆ, ಅದರ ಪಾಪವನ್ನೂ ಪಂಕ್ತಿಯಲ್ಲಿ ಬಡಿಸುತ್ತೇನೆ.


ಮೇ ೯, ಶನಿವಾರ

ಗಿರಾಕಿ ಇಲ್ಲದ ಹೊತ್ತಿನಲ್ಲಿ ಎಣ್ಣೆ ಡಬ್ಬಿಗಳ ಮುಂದೆ ತಾಲೀಮು ಮಾಡಿದೆ. ಬಾಗಿಲು ತೆರೆಯುವುದು. ಒಂದು ಕಾಲು ಕೆಳಗೆ. ಧೋತರದ ಚುಂಗು ಎಡಗೈಯಲ್ಲಿ. ಸುತ್ತ ಒಂದು ನೋಟ. ಆಮೇಲೆ ಮಾತು: "ಋಷಿಕೇಶರಾವ, ಬಸ್ಸಿನ್ಯಾಗ ಕುಂದರಲಕ್ಕ ಜಾಗಾ ಸಿಕ್ಕಿತ್ತೇನು?" ಮೊದಲ ಸಲ ಜೋರಾಯಿತು. ಎರಡನೆಯ ಸಲ ಇನ್ನೂ ಜೋರಾಯಿತು. ಕಸ್ತೂರಬಾಯಿ ಒಳಗಿನಿಂದ "ಯಾರ ಬಂದಾರ್ರಿ?" ಅಂದಳು.

ಅಪ್ಪ ಹೇಳುತ್ತಿದ್ದ, ರಂಗದ ಮೇಲೆ ಬರುವುದೇ ಅರ್ಧ ಪಾರ್ಟು ಅಂತ. ಹನ್ನೊಂದನೆಯ ವರ್ಷಕ್ಕೆ ನನಗೆ ಮೊದಲು ಕೊಟ್ಟದ್ದು ಸಾರಥಿಯ ಪಾರ್ಟು. ಎರಡು ತಾಸು ಹಗ್ಗ ಹಿಡಿದು ನಿಲ್ಲಬೇಕು, ಒಂದೂ ಮಾತಿಲ್ಲ. ರಥದಲ್ಲಿ ಕೂತವನಿಗೆ ಚಪ್ಪಾಳೆ. ಪರದೆ ಬಿದ್ದ ಮೇಲೆ ನಾನು ಅತ್ತುಬಿಟ್ಟೆ. ಅಂದೇ ಆಣೆ ಮಾಡಿದೆ, ಇನ್ನು ಬಾಯಿಲ್ಲದ ಪಾರ್ಟು ಮಾಡೆನೆಂದು. ಅಪ್ಪ ಮರುವರ್ಷ ಕಿರೀಟ ಕೊಟ್ಟ.


ಮೇ ೧೩, ಬುಧವಾರ

ಬುಧವಾರ ಹಳ್ಳಿ ಗಿರಾಕಿಗಳ ದಿನ. ಇಪ್ಪತ್ತು ವರ್ಷದಲ್ಲಿ ಬುಧವಾರ ಅಂಗಡಿ ಮುಚ್ಚಿದ್ದು ಇದೇ ಮೊದಲು.

ನಾಗಣ್ಣ ಗಾಡಿಯನ್ನು ತುರೋರಿಗೆ ತಂದ. ಅಲ್ಲಿ ಹೆದ್ದಾರಿಯ ಮೇಲೆ ಶಿವಾಜಿಯ ಗ್ಯಾರೇಜು. ನನ್ನ ಟೆಂಪೋ ನೋಡಿಕೊಳ್ಳುವವ, ಮರಾಠಾ ಮನುಷ್ಯ, ನಮ್ಮ ಮಾತು ಆಡುತ್ತಾನೆ, ಓದಲು ಬಾರದು. ನಾಗಣ್ಣ ಕಡತವೊಂದನ್ನು ನನ್ನ ಕೈಗಿಟ್ಟು ಎದುರಿನ ಹೋಟೆಲ್ಲಿಗೆ ಚಹಾಕ್ಕೆ ಹೋದ.

ಶಿವಾಜಿ ಗಾಡಿಯ ಕೆಳಗೆ ತೂರಿ ಅರ್ಧ ತಾಸು ಬಡಿದ, ಕೆರೆದ, ಮೂಸಿದ. ಎದ್ದು ಕೈ ಒರೆಸಿಕೊಂಡು, "ಶೇಠ, ಗಾಡಿ ಖಣಖಣೀತ, ಗಟ್ಟಿಮುಟ್ಟ ಅದ," ಅಂದ.

"ಸರಿಯಾಗಿ ನೋಡು. ಎಲ್ಲ್ಯಾರ ಬಡದಿರಬೇಕು."

"ಬಡದದ. ಆದ್ರ ಸಣ್ಣದು. ಡಾವಿ ಬಾಜೂ ಬಣ್ಣ ಹೊಸಾದದ. ಕಾಗದ ತೆಗೀರಿ."

ಡಾವಿ ಬಾಜೂ, ಎಡಗಡೆ. ಸಿಕ್ಕಿತು ಪಾಪ ಅಂದುಕೊಂಡೆ. ಕಡತ ಬಿಚ್ಚಿದೆ. ದೇವರಾಣೆ, ಮಠದ ಕಾಗದಪತ್ರವೂ ಇಷ್ಟು ಓರಣವಾಗಿರುವುದಿಲ್ಲ. ಒಂದೊಂದು ತಪಾಸಣೆಯ ಚೀಟಿ, ತಾರೀಖಿನಂತೆ ಹೊಲಿದಿಟ್ಟಿದ್ದಾನೆ. ಸರ್ವಿಸ್ ಪುಸ್ತಕದ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಬರೆದ ಸಾಲುಗಳು. ಕನ್ನಡದಲ್ಲಿ. ಅವನು ಚಿಕ್ಕವನಿದ್ದಾಗ ಭಾಲ್ಕಿಯಲ್ಲಿ ಸೋದರಮಾವನ ಮನೆಯಲ್ಲಿದ್ದು ಕನ್ನಡ ಶಾಲೆ ಕಲಿತವ. ಇಲ್ಲಿ ಯಾರು ಓದುತ್ತಾರೆಂಬ ಧೈರ್ಯ. ಓದುವವ ಬಂದಿದ್ದ.

"ಶಿವಾಜಿ, ಕುಂದ್ರು. ಇವತ್ತ ಪ್ರಯೋಗ ಅದ," ಎಂದು ಟೈರಿನ ರಾಶಿಯ ಮೇಲೆ ಒಂದು ಕಾಲಿಟ್ಟು ಓದತೊಡಗಿದೆ. ಪೂರ್ತಿ ದನಿಯಲ್ಲಿ.

"ಎಡ ಕನ್ನಡಿ. ಬಸ್ ಸ್ಟ್ಯಾಂಡಿನ ಕಂಬ. ಕಾಣಲಿಲ್ಲ."

ಶಿವಾಜಿ ನಕ್ಕ. ಕಂಬ ಕಾಣಲಿಲ್ಲವಂತೆ. ನಾನು ಕೈ ಎತ್ತಿ ಮುಂದುವರಿಸಿದೆ.

"ಎಡ ಬಂಪರ್. ನಮ್ಮ ಮನಿ ಗೇಟು. ಕಾಣಲಿಲ್ಲ. ಎಡ ಬಾಗಿಲು. ಬಾಳೆಹಣ್ಣಿನ ಬಂಡಿ. ಮುದುಕ ಬೈದ, ಬೈಯಲಿ. ಕಾಣಲಿಲ್ಲ."

ಬಾಳೆಹಣ್ಣಿನ ಮುದುಕನ ದನಿಯನ್ನೂ ತೆಗೆದೆ. ಹೋಟೆಲ್ಲಿನಿಂದ ಇಬ್ಬರು ಬಂದು ನಿಂತರು. ಲಾರಿಯವನೊಬ್ಬ ಕಿಟಕಿಯಿಂದ ಕತ್ತು ಹಾಕಿದ. ಬಹಳ ವರ್ಷದ ಮೇಲೆ ನನಗೆ ಮಂದಿ ಕೂಡಿತ್ತು.

"ಎಡ ಕನ್ನಡಿ, ಮತ್ತೆ. ಎಡ ದೀಪ. ಎಡ ಕನ್ನಡಿ, ಮೂರನೆಯ ಸಲ."

ನಗು ಏರುತ್ತಿತ್ತು. ಶಿವಾಜಿಯದು ಮಾತ್ರ ನಿಂತಿತ್ತು. ಅದನ್ನು ನೋಡದೆ ನಾನು ಕೊನೆಯ ಸಾಲಿಗೆ ಬಂದೆ. ಮಾರ್ಚಿ ತಿಂಗಳಿನದು.

"ಸ್ವಪ್ನಾಲಿ ಎಡಕ್ಕೆ ನಿಂತಿದ್ದಳು. ಒಂದು ಗೇಣು ಉಳಿಯಿತು. ಕೀಲಿ ದೇವರ ಜಗುಲಿಯ ಮೇಲೆ ಇಟ್ಟೆ."

ಸ್ವಪ್ನಾಲಿ ಅವನ ಮಗಳು. ಹದಿನಾಲ್ಕು ವರ್ಷದವಳು. ನನಗೆ ದೊಡ್ಡಪ್ಪಾ ಅನ್ನುತ್ತಾಳೆ.

ದನಿ ಅರ್ಧದಲ್ಲಿ ಇಳಿಯಿತು. ಮಂದಿ ಇನ್ನೇನೋ ಬರುತ್ತದೆಂದು ಕಾದು, ಬಾರದಿದ್ದಾಗ ಹೊರಟುಹೋದರು.

ಶಿವಾಜಿ ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು ಮುಚ್ಚಿದ. "ಶೇಠ, ಬ್ರೇಕ್ ಪಾಸ್, ಸ್ಟೇರಿಂಗ್ ಪಾಸ್. ಗಾಡಿ ಎಲ್ಲಾ ಪಾಸ್ ಅದ. ಫೇಲ್ ಆಗಿದ್ದ ಇದು," ಎಂದು ತನ್ನ ಎಡಗಣ್ಣಿನ ಮೇಲೆ ಅಂಗೈ ಮುಚ್ಚಿದ. "ನಮ್ಮ ಕಾಕಾ ಲಾರಿ ಹೊಡೀತಿದ್ರು. ಅವರದೂ ಹಿಂಗೇ ಆಯ್ತು. ಒಂದ ಬಾಜೂ ಪರದೆ ಬಿದ್ದಂಗ. ಬಗಲಿಗಿ ನಿಂತಾಂವನ್ನ ಮುಟ್ಟಿದ್ರೂ ಯಾರಂತ ತಿಳೀತಿದ್ದಿಲ್ಲ."

ನಾಗಣ್ಣ ಹಲ್ಲಿಗೆ ಕಡ್ಡಿ ಹಾಕಿಕೊಳ್ಳುತ್ತ ಬಂದ. "ಏನಂತದ ಗಾಡಿ?"

"ಛಲೋ ಅದ," ಅಂದೆ.


ಮೇ ೧೪, ಗುರುವಾರ

ಆ ದಿನ ಉದಗೀರಿನ ಪೇಟೆಯಲ್ಲಿ ನಾನು ಅವನ ಎಡಕ್ಕಿದ್ದೆ.

ಅರ್ಧ ವರ್ಷ ಸಾಕಿದ ಸಿಟ್ಟು. ಹಾಲು ಹಾಕಿ ಸಾಕಿದ್ದೆ. ಕಾರು, ಆರತಿ, ಇಡಿಯಾದ ಅನಾರಸ ಎಲ್ಲ ಅವನಿಗೇ ಇರಲಿ. ನನ್ನದೆಂದು ಇದ್ದದ್ದು ಈ ಸಿಟ್ಟೊಂದೇ. ಅದನ್ನೂ ಕಸಿದುಕೊಂಡ.


ಮೇ ೧೫, ಶುಕ್ರವಾರ

ಗಾಡಿ ತಂದೆ. ನಾಳೆ ಅಮಾಸಿ, ನಾಡಿದ್ದು ಧೋಂಡ್ಯಾ. ಇಂದೇ ಆಗಬೇಕಿತ್ತು, ಅದಕ್ಕೇ ತಂದೆ. ಆಟ ನಾನು ಹೂಡಿದ್ದು. ಕಣ್ಣು ಅವನದು, ಕಾರು ನನ್ನದು. ಎರಡಕ್ಕೂ ಏನು ಸಂಬಂಧ?

ಕಸ್ತೂರಬಾಯಿ ಗಾಲಿಗೆ ನೀರು ಹಾಕಿ, ವಿಭೂತಿ ಹಚ್ಚಿ, ನಂಬರಿನ ಮುಂದೆ ಬಂದು ನಿಂತಳು.

"ಇದು ನಮ್ಮ ಋಷಿಕೇಶನ ಗಾಡಿ ಅಲ್ಲೇನ್ರಿ?"

"ಇತ್ತು."

"ಅಂವಗ ಏನಾಗ್ಯಾದ?"

ಮದುವೆಯಾದ ಇಪ್ಪತ್ತಾರು ವರ್ಷಕ್ಕೆ ಗಂಡ ಕಾರು ತಂದಿದ್ದಾನೆ. ಅವಳ ಮೊದಲ ಪ್ರಶ್ನೆ ಋಷಿಕೇಶನದು. "ನಂಗೇನ ಗೊತ್ತು?" ಅಂದೆ. ಅವಳು ಕೈಯಲ್ಲಿದ್ದ ಲಿಂಬೆಹಣ್ಣು ಗಾಲಿಯ ಕೆಳಗಿಡದೆ ಒಳಗೆ ಒಯ್ದಳು.


ಮೇ ೨೦, ಬುಧವಾರ

ತಾಲೀಮಿಗೆ ನಿಂತೆ. ಬಾಗಿಲು, ಕಾಲು, ಚುಂಗು, ನೋಟ, ಎಲ್ಲ ಬಂತು. ಮಾತು ಬರಲಿಲ್ಲ. ಮೇ ತಿಂಗಳ ಧೂಳು, ಗಂಟಲು ಹಿಡಿದಿದೆ.


ಮೇ ೨೪, ಐತವಾರ

ನಡೆದದ್ದನ್ನು ನಡೆದಂತೆ ಬರೆಯುತ್ತೇನೆ.

ಏಳಕ್ಕೆ ಉಮರಗಾ ಬಿಟ್ಟೆವು. ಎಂಟೂವರೆಯ ಹೊತ್ತಿಗೆ ನಿಲಂಗಾ. ಮಾವನ ಓಣಿಯ ಬಾಯಿ ಬಂತು. ಬಲಕ್ಕೆ ಹೊರಳಬೇಕು. ನಾನು ಹೊರಳಲಿಲ್ಲ.

"ರೀ, ಓಣಿ ಹಿಂದ ಹೋತು."

"ಎಣ್ಣಿ ಹಾಕಸ್ತೀನಿ."

ಪಂಪು ಬಂತು, ಹೋಯಿತು.

"ಪಂಪನೂ ಹೋತ್ರಿ."

ಅವಳು ಒಂದಷ್ಟು ಹೊತ್ತು ನನ್ನ ಮುಖ ನೋಡಿದಳು. ಆಮೇಲೆ ಸೆರಗು ಸರಿಮಾಡಿಕೊಂಡು ಉದಗೀರಿನ ರಸ್ತೆ ನೋಡುತ್ತ ಕೂತಳು. ದೊಡ್ಡ ಪ್ರಯೋಗಕ್ಕೆ ಮೊದಲು ರಂಗತಾಲೀಮು ಬೇಕು. ಮಂದಿಯ ಮುಂದೆ ಅವನ ಮುಖ ನೋಡುವ ಮೊದಲು ಅವನ ಮನೆಯ ಮುಂದೆಯೇ ಒಮ್ಮೆ ನೋಡೋಣ ಎಂದು ಹೋದೆ. ಅಷ್ಟೇ.

ಅವನು ಮೆಟ್ಟಿಲ ಮೇಲೆ ಚೀಲ ಹಿಡಿದು ಆಟೋ ಕಾಯುತ್ತಿದ್ದ. ಪಕ್ಕದಲ್ಲಿ ಮನೀಷಾ, ಸ್ವಪ್ನಾಲಿ. ಗಾಡಿ ನಿಂತಿತು. ಸ್ವಪ್ನಾಲಿ "ಪಪ್ಪಾ, ನಮ್ಮ ಗಾಡಿ," ಅಂದಳು. ನಾನು ಇಳಿದು ಅವನ ಬಲಕ್ಕೆ ಹೋಗಿ ನಿಂತೆ. ಬಿಸಿಲು ಎಡಕ್ಕಿತ್ತು, ಅದಕ್ಕೆ.

ಅವನು ಗಾಡಿ ನೋಡಿದ. ನನ್ನನ್ನು ನೋಡಿದ. "ನಾಗಣ್ಣ ದೂರದೋರಿಗಿ ಕೊಟ್ಟೀನಿ ಅಂದಿದ್ದ."

"ಉಮರಗಾ ದೂರೇ ಅದ."

"ಅಣ್ಣಾವ್ರ, ಪುಸ್ತಕ ಓದಿದ್ರೇನು?"

"ಓದಿನಿ."

ಅವನು ಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ತೆಗೆದುಕೊಂಡ. "ಡಾಕ್ಟರ್ ಇದ್ದದ್ದು ಉಳಸೋಣು ಅಂದಾರ. ಹೋಗಿದ್ದು ಬರಂಗಿಲ್ಲ ಅಂದಾರ. ಮನೀಷಾಗ ಬಿಟ್ಟು ಯಾರಿಗೂ ಹೇಳಿಲ್ರಿ. ಅರಿವಿ ಅಂಗಡಿ. ಕಣ್ಣ ಹೋದಾಂವನ ಕಡಿ ಯಾರ ಸೀರಿ-ಪತ್ತಲಾ ತಗೋತಾರ? ಮಾವಾರಿಗಂತೂ..." ಅಲ್ಲಿಗೆ ನಿಲ್ಲಿಸಿ, "ಇವತ್ತ ಅಲ್ಲಿ ಎಲ್ಲಾರೂ ಕೇಳ್ತಾರ, ಗಾಡಿ ಎಲ್ಲದ ಅಂತ," ಅಂದ.

ಇದೇ ಜಾಗ. ತಾಲೀಮಿನ ಮಾತು ಇಲ್ಲಿಯೇ ಬರಬೇಕಿತ್ತು. ಬಸ್ಸಿನ್ಯಾಗ ಕುಂದರಲಕ್ಕ ಜಾಗಾ.

"ಕುಂದ್ರು," ಅಂದೆ. "ಹೊತ್ತಾಗ್ತದ."

ಅವನು ರೂಢಿಯಂತೆ ಬಲಗಡೆಯ ಬಾಗಿಲಿಗೆ ಹೋಗಿ ಹಿಡಿಕೆಗೆ ಕೈ ಹಾಕಿದ. ಕೈ ಅಲ್ಲಿಯೇ ಒಂದು ಕ್ಷಣ ಇತ್ತು. ಆಮೇಲೆ ತೆಗೆದು, ಬಾನೆಟ್ಟಿನ ಮೇಲೆ ಅಂಗೈ ಸವರುತ್ತ ಸುತ್ತು ಹಾಕಿ ಎಡಗಡೆಗೆ ಬಂದು ಕೂತ. ಹೆಣ್ಣುಮಕ್ಕಳು ಹಿಂದೆ. ಊರು ದಾಟಿದ ಮೇಲೆ ಅವನು, "ಮೂರನೇ ಗೇರಿಗಿ ಸ್ವಲ್ಪ ಅಂಜತದ, ಒತ್ತಿ ಹಾಕ್ರಿ," ಅಂದ. ಒತ್ತಿ ಹಾಕಿದೆ. ಬಿತ್ತು. ನನ್ನ ಗಾಡಿಯ ಮರ್ಮ ಅವನು ನನಗೆ ಹೇಳಿಕೊಡುತ್ತಾನೆ.

ನಿಲಂಗಾ. ಮಾವನ ಅಂಗಳ. ಮೂವತ್ತು ಮಂದಿ ಬೀಗರು. ನಾನು ಬೇಡಿದ್ದಕ್ಕಿಂತ ದೊಡ್ಡ ಮಂದಿ. ಅತ್ತೆ ಆರತಿ ಹಿಡಿದು ಅಂಗಳ ದಾಟಿ ಬಂದರು. ಎಡಗಡೆಯ ಬಾಗಿಲಿಗೆ. ಮಾವ ವಿರೂಪಾಕ್ಷಪ್ಪನವರು ಕಟ್ಟೆಯ ಮೇಲಿಂದ ನಗುತ್ತ, "ಏನ್ರಿ ಋಷಿಕೇಶರಾವ, ಹಿರೇ ಅಳ್ಯಾಗ ಡ್ರೈವರ್ ಮಾಡಿ ಕರಕೊಂಡ ಬಂದೀರೇನು?" ಅಂದರು.

ಅಂಗಳವೆಲ್ಲ ನಕ್ಕಿತು.

ನನ್ನ ಗಾಡಿ. ಎರಡೇ ಶಬ್ದ. ನಾಲಿಗೆಯ ಮೇಲೆ ಬಂದು, ಗೆಜ್ಜೆ ಕಟ್ಟಿಕೊಂಡು ನಿಂತಿದ್ದವು. ಋಷಿಕೇಶ ಬಾಯಿ ತೆರೆದ. ನಿಜ ಹೇಳಲಿಕ್ಕೇ ತೆರೆದ. ಅವನ ಮೊಣಕೈ ಹಿಡಿದು ಒತ್ತಿದೆ.

"ಹೌದ್ರಿ ಮಾವಾರ," ಅಂದೆ. "ಇವರ ಗಾಡಿ ಭಾರಿ ಅದ. ನಾನೇ ಹೊಡೀತೀನಂತ ಹಟಾ ಹಿಡದೆ."

ನನ್ನ ಜೀವಮಾನದಲ್ಲಿ ಅಷ್ಟು ಸಣ್ಣ ದನಿಯಲ್ಲಿ ನಾನು ಯಾವ ಮಾತೂ ಹೇಳಿಲ್ಲ. ಆದರೂ ಹಿಂದಿನ ಸಾಲಿನವರೆಗೆ ಕೇಳಿತು. ಮಾವ, "ಛಲೋ ಆಯ್ತು, ಷಡ್ಡಕರು ಅಂದ್ರ ಹಿಂಗಿರಬೇಕು," ಅಂದರು. ಮೆಚ್ಚುಗೆ ಅವನ ಕಡೆ ನೋಡಿ ಹೇಳಿದರು. ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಈಗಲೂ ಉರಿಯುತ್ತಿದೆ.

ಊಟಕ್ಕೆ ಅವನ ಎಡಕ್ಕೆ ಕೂತೆ. ಹಿರಿಯ ಅಳಿಯ ಬಲಕ್ಕೆ ಕೂಡುವುದು ರೂಢಿ. ಆದರೆ ಅಲ್ಲಿ ಫ್ಯಾನಿನ ಗಾಳಿ ಇರಲಿಲ್ಲ. ಬಡಿಸುವವರು ತುಪ್ಪದ ಬಟ್ಟಲನ್ನು ಅವನ ಎಡಕ್ಕೆ ಇಟ್ಟರು. ಅವನ ಕೈ ಬಲಕ್ಕೆ ತಡಕಿತು. ಬಟ್ಟಲನ್ನು ಎತ್ತಿ ಅವನ ಬಲಬದಿಗಿಟ್ಟೆ. ನನ್ನ ಮೊಣಕೈಗೆ ತಾಗುತ್ತಿತ್ತು.

ಅನಾರಸ ಎಣಿಸಿದೆ. ನನ್ನ ತಾಟಿನಲ್ಲಿ ಮೂವತ್ಮೂರು, ಎಲ್ಲ ಇಡಿ. ಅವನದರಲ್ಲಿ ಒಂದು ಮುರಿದಿತ್ತು. ಅದರಿಂದೇನೂ ಸುಖವಾಗಲಿಲ್ಲ. ಹೂರಣ ಹೆಚ್ಚಾಗಿತ್ತು, ಹೊಟ್ಟೆ ಭಾರವಿತ್ತು.


ಮೇ ೨೫, ಸೋಮವಾರ

ಕಸ್ತೂರಬಾಯಿ ಇಂದು ಕೇಳದೆಯೇ ಚಹಾಕ್ಕೆ ಏಲಕ್ಕಿ ಹಾಕಿದಳು. ಮನೀಷಾ ಎಲ್ಲ ಹೇಳಿದ್ದಾಳೆಂದು ಕಾಣುತ್ತದೆ. ಆ ಲಿಂಬೆಹಣ್ಣು ಗಾಲಿಯ ಕೆಳಗಿತ್ತು.


ಜೂನ್ ೩, ಬುಧವಾರ

ಗಾಡಿ ನಿಂತಲ್ಲೇ ನಿಂತರೆ ಬ್ಯಾಟರಿ ಇಳಿಯುತ್ತದೆ ಎಂದು ಶಿವಾಜಿ ಹೇಳಿದ್ದ. ಅದಕ್ಕೆ ಉದಗೀರಿಗೆ ಹೋಗಿ, ಋಷಿಕೇಶನನ್ನು ಕೂಡಿಸಿಕೊಂಡು ಲಾತೂರಿನ ಕಣ್ಣಿನ ದವಾಖಾನೆಗೆ ಹೋಗಿಬಂದೆ. ಅರವತ್ತು ಮಂದಿಯ ಸರದಿ. ಕಣ್ಣಿಗೆ ಹನಿ ಹಾಕಿ ಕೂಡಿಸಿದರು. ಡಾಕ್ಟರು ಅವನ ಜೊತೆ ಅರ್ಧ ತಾಸು ಮಾತಾಡಿದರು. ಬಲಗಣ್ಣು ಗಟ್ಟಿ ಇದೆಯಂತೆ. ತಪ್ಪದೆ ಬಂದರೆ ಉಳಿಯುತ್ತದಂತೆ. ನನ್ನ ಕಣ್ಣು ಹೇಗಿದೆ ಎಂದು ಒಬ್ಬರೂ ಕೇಳಲಿಲ್ಲ.

ಉದಗೀರಿನಲ್ಲಿ ಅವನ ಮನೆಯ ಮುಂದೆ ಗಾಡಿ ನಿಲ್ಲಿಸಿ, ಸರ್ವಿಸ್ ಪುಸ್ತಕ ತೆಗೆದು, ಅವನ ಕೊನೆಯ ಸಾಲಿನ ಕೆಳಗೆ ಬರೆದೆ. ಪೆನ್ಸಿಲ್ಲು ಅವನದೇ, ಪುಸ್ತಕದೊಳಗೇ ಇತ್ತು.

"ಏನ ಬರದ್ರಿ, ಓದ್ರಿ," ಅಂದ. ಹನಿ ಹಾಕಿದ್ದರಿಂದ ಅವನಿಗೆ ಅಕ್ಷರಗಳು ಮಂಜಾಗಿದ್ದವು.

ಗಂಟಲು ಸರಿಮಾಡಿಕೊಂಡೆ. "ಉದಗೀರ, ಲಾತೂರ, ಉದಗೀರ. ಮೂರನೇ ಗೇರು ಒತ್ತಿ ಹಾಕಬೇಕು. ಎಡ ಕನ್ನಡಿ ಸರಿ ಇದೆ."

ಎದುರಿನ ಮನೆಯ ಮುದುಕಿ ಬಾಗಿಲಿಗೆ ಬಂದಳು.

"ಅಣ್ಣಾವ್ರ, ಸಾವಕಾಶ," ಅಂದ ಋಷಿಕೇಶ. "ಕಿವಿ ಎರಡೂ ಪಾಸ್ ಅವ."

ಮತ್ತೊಮ್ಮೆ ಓದಿದೆ, ಅವನಿಗೊಬ್ಬನಿಗೇ ಕೇಳುವಷ್ಟು.

ಮುಂದಿನ ತಪಾಸಣೆ ಜುಲೈ ಒಂದಕ್ಕೆ. ಬುಧವಾರ. ಅಂದೂ ಅಂಗಡಿ ಬಂದ್.